ಕನ್ನಡದ ಅಕ್ಷರಗಳು ದುಂಡಾದದ್ದು ತಾಳೆಗರಿಯಿಂದಲೇ?

ಬೆಟಗೇರಿಯ ಓದುಗ:
ಎಲ್ಲರಿಗೂ ನಮಸ್ಕಾರ. ಗದಗಿನ ಪ್ರೌಢಶಾಲೆಯೊಂದರ ಮಕ್ಕಳಿಗಾಗಿ, ಕನ್ನಡ ಲಿಪಿ ಬೆಳೆದುಬಂದ ಬಗೆಯನ್ನು ತೋರಿಸುವ ಪುಟ್ಟ ಪ್ರದರ್ಶನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ತಾಳೆಗರಿಯ ಮೇಲೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕಾಗಿಯೇ ನಮ್ಮ ಅಕ್ಷರಗಳು ದುಂಡಾದವು ಎಂಬ ವಿವರಣೆಯನ್ನು ಹಲವು ಕಡೆ ಓದಿದ್ದೇನೆ. ಆದರೆ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಗೆ ಸಂಬಂಧಿಸಿದ 1007ರ ಶಾಸನದಲ್ಲಿಯೂ, ಸೀಳುವ ಭಯವೇ ಇಲ್ಲದ ಕಲ್ಲಿನ ಮೇಲೆ, ಅಕ್ಷರಗಳು ದುಂಡಗೆ ಇವೆ. ಹಾಗಿದ್ದರೆ ಮೊದಲ ಫಲಕದಲ್ಲಿ ತಾಳೆಗರಿಯ ಕಾರಣವನ್ನು ಬರೆಯುವುದು ಸರಿಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಹಸ್ತಪ್ರತಿ ವಿದ್ಯಾರ್ಥಿನಿ, ಧಾರವಾಡ:
ಬರೆಯಬಹುದು ಸರ್, ಆದರೆ ಅದೊಂದೇ ಕಾರಣವೆಂದು ಬರೆಯಬೇಡಿ. ಗರಿಯ ನಾರು ಉದ್ದಕ್ಕೆ ಹರಿದಿರುತ್ತದೆ, ಸಾಲು ಸಹ ಅದೇ ದಿಕ್ಕಿಗೆ ಸಾಗುತ್ತದೆ. ಆದ್ದರಿಂದ ಕಂಠದ (ಗರಿಯ ಮೇಲೆ ಕೊರೆದು ಬರೆಯುವ ಲೋಹದ ಕಡ್ಡಿಯ) ಮೊನೆ ನಾರಿನ ಗುಂಟ ಉದ್ದವಾಗಿ ಎಳೆದ ಅಡ್ಡ ಗೆರೆ ಗರಿಯನ್ನು ಸೀಳುವ ಅಪಾಯ ನಿಜವಾಗಿಯೂ ಇದೆ. ಆದರೆ ಇದೇ ನಾಡಿನಲ್ಲಿ ತಲೆಯ ಮೇಲೆ ಅಡ್ಡ ಗೆರೆಯುಳ್ಳ ನಂದಿನಾಗರಿ ಲಿಪಿಯನ್ನೂ ತಾಳೆಗರಿಯ ಮೇಲೆ ಕೊರೆದು ಬರೆದಿದ್ದಾರೆ, ಮತ್ತು ತಮಿಳಿನವರು ನೇರ ಗೆರೆ, ಮೂಲೆಗಳುಳ್ಳ ಅಕ್ಷರಗಳನ್ನು ಗರಿಯ ಮೇಲೆಯೇ ಶತಮಾನಗಳ ಕಾಲ ಬರೆದಿದ್ದಾರೆ. ಗರಿ ದುಂಡು ರೂಪಕ್ಕೆ ಅನುಕೂಲ ಮಾಡಿಕೊಟ್ಟಿತು ಎನ್ನುವಷ್ಟನ್ನು ನಾನು ಒಪ್ಪುತ್ತೇನೆ.

ಮಕ್ಕಳಿಗೆ ಬರೆಯುವ ಕ್ರಮವನ್ನು ತೋರಿಸಿದರೆ ಇನ್ನೂ ಒಳ್ಳೆಯದು. ಕಂಠದಿಂದ ಕೊರೆದ ಗೀರು ಮೊದಲು ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಕಾಡಿಗೆಯನ್ನೋ ಇದ್ದಿಲ ಪುಡಿಯನ್ನೋ ಎಣ್ಣೆ ಅಥವಾ ಸೊಪ್ಪಿನ ರಸದೊಡನೆ ತಿಕ್ಕಿ ಒರೆಸಿದ ಮೇಲೆ ಗೀರಿನಲ್ಲಿ ಕಪ್ಪು ನಿಂತು ಅಕ್ಷರ ಮೂಡುತ್ತದೆ. ಈ ಕಾರಣದಿಂದ ಗರಿಯ ಅಕ್ಷರದ ಗೆರೆ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ದಪ್ಪದಲ್ಲಿರುತ್ತದೆ. ನಿಮ್ಮ ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಬರೆದ ಕುಮಾರವ್ಯಾಸನು ಹಲಗೆ ಬಳಪ ಹಿಡಿಯದಿರುವುದನ್ನೂ ಕಂಠಪತ್ರದ ಸದ್ದು ನಿಲ್ಲದಿರುವುದನ್ನೂ ತನ್ನ ಹೆಗ್ಗಳಿಕೆಗಳೆಂದು ಹೇಳಿಕೊಂಡಿದ್ದಾನೆ. ಕರಡು ತಿದ್ದಲು ಹಲಗೆ, ಉಳಿಸಿಡಲು ಗರಿ ಎಂಬ ಅಂದಿನ ರೂಢಿ ಆ ಮಾತಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ಫಲಕದಲ್ಲಿ ಖಂಡಿತ ಸೇರಿಸಿರಿ.

ಹಾನಗಲ್ಲ ಮಾಸ್ತರ:
ಅಕ್ಕಾವರು ಹೇಳಿದ್ದನ್ನು ಒಪ್ಪುತ್ತಲೇ ಕಲ್ಲಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಅನೇಕ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆ ಇರುತ್ತದೆ. ಓದುಬರಹ ಬಲ್ಲವನು ಅಕ್ಷರಗಳ ರೂಪವನ್ನು ಕೊಟ್ಟ ಮೇಲೆ ರೂವಾರಿ, ಅಂದರೆ ಶಿಲ್ಪಿ, ಉಳಿಯಿಂದ ಅದನ್ನು ಅನುಸರಿಸುತ್ತಿದ್ದನು. ಗರಿಯ ಮೇಲೆ ಪಳಗಿದ ಕೈಯೇ ಕಲ್ಲಿಗೂ ಅಕ್ಷರ ಕೊಡುತ್ತಿದ್ದರೆ, ಕಲ್ಲಿನಲ್ಲಿ ದುಂಡು ರೂಪ ಕಾಣುವುದರಿಂದ ತಾಳೆಗರಿಯ ವಾದ ಬಿದ್ದುಹೋಗುವುದಿಲ್ಲ. ಜೊತೆಗೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ನಮ್ಮ ಭಾಗದಲ್ಲಿ ಹೆಚ್ಚಾಗಿ ಬಳಕೆಗೆ ಬಂದ ಬಳಪದ ಕಲ್ಲು ನುಣುಪಾದದ್ದು, ಉಳಿಗೆ ಸುಲಭವಾಗಿ ಒಗ್ಗುವಂಥದ್ದು. ಅದರಲ್ಲಿ ಸಣ್ಣ ಬಳುಕನ್ನೂ ತೆಗೆಯಬಹುದು.

ಹೋಲಿಕೆಗೆ ಕದಂಬರ ಕಾಲದ ತಾಳಗುಂದದ ಶಾಸನದ ಚಿತ್ರವನ್ನು ಪಕ್ಕದಲ್ಲಿಡಿ. ಅಲ್ಲಿ ಅಕ್ಷರಗಳ ತಲೆಯ ಮೇಲೆ ಪುಟ್ಟ ಪೆಟ್ಟಿಗೆಯಂಥ ಗುರುತಿದೆ. ಸುಮಾರು 450ರದೆಂದು ಹೇಳುವ ಹಲ್ಮಿಡಿಯ ಶಾಸನವನ್ನೂ ಲಕ್ಕುಂಡಿಯ ಶಾಸನವನ್ನೂ ಅದರೊಂದಿಗೆ ಇಟ್ಟರೆ, ತಲೆಯ ಗುರುತು ಇಂದಿನ ತಲೆಕಟ್ಟಿನ ಕಡೆಗೆ ಸರಿಯುವುದನ್ನು ಮಕ್ಕಳು ತಾವೇ ಗುರುತಿಸುತ್ತಾರೆ. ಧಾರವಾಡದಲ್ಲಿ 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೂ ಅವರನ್ನು ಒಮ್ಮೆ ಕರೆದೊಯ್ಯಿರಿ.

ಹಳೆಯ ಕಂಪೋಜಿಟರ್, ಗದಗ:
ಮುದ್ರಣ ಕಾಶಿ ಎನಿಸಿಕೊಂಡ ಊರಿನಲ್ಲಿ ಲಿಪಿಯ ಪ್ರದರ್ಶನ ನಡೆಯುವಾಗ ಅಚ್ಚುಮೊಳೆಗೆ, ಅಂದರೆ ಮುದ್ರಣಕ್ಕೆ ಜೋಡಿಸುವ ಲೋಹದ ಅಕ್ಷರಕ್ಕೆ, ಒಂದು ಫಲಕವಾದರೂ ಬೇಕು. ಇಂದು ನಾವು ಸಹಜವೆಂದು ತಿಳಿದಿರುವ ಅಕ್ಷರದ ರೂಪದಲ್ಲಿ ಬಹುಪಾಲು ಮೊಳೆಯಿಂದ ನಿಂತದ್ದು. ಗರಿಯ ಗೆರೆ ಒಂದೇ ದಪ್ಪದ್ದೆಂದು ಅಕ್ಕಾವರು ಬರೆದಿದ್ದಾರಲ್ಲ, ಪುಸ್ತಕದ ಅಕ್ಷರದಲ್ಲಿ ಕಾಣುವ ದಪ್ಪ ಸಣ್ಣದ ಏರಿಳಿತ ಲೇಖನಿ ಮತ್ತು ಮೊಳೆಯ ದಾರಿಯಲ್ಲಿ ಬಂದದ್ದು. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಂಪುರದಲ್ಲಿ ಮೊಳೆಯಿಂದಲೇ ಅಚ್ಚಾಯಿತು. ಆದರೆ 1843ರ ಮಂಗಳೂರ ಸಮಾಚಾರ ಪತ್ರಿಕೆ ಕಲ್ಲಚ್ಚಿನದು, ಅಂದರೆ ಕೈಬರಹದ ರೂಪವೇ ಹಾಳೆಗೆ ಇಳಿದದ್ದು; ಇವೆರಡರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಬರೆಯುವ ಕೈಗೂ ಕೊರೆದ ಮೊಳೆಗೂ ಇರುವ ಅಂತರ ಎದ್ದು ಕಾಣುತ್ತದೆ.

ಒತ್ತಕ್ಷರವನ್ನು ವಿಶೇಷವಾಗಿ ನೋಡಲು ಹೇಳಿ. ಶಾಸನದಲ್ಲಿ ಅದು ಮೂಲಾಕ್ಷರದ ನೇರ ಕೆಳಗೆ ಕೂಡುತ್ತದೆ. ಮೊಳೆ ಜೋಡಿಸುವವನಿಗೆ ಪ್ರತಿಯೊಂದು ತುಂಡೂ ಸಾಲಿನಲ್ಲಿ ಒಂದರ ಪಕ್ಕದಲ್ಲೊಂದು ನಿಲ್ಲಬೇಕಾಗಿದ್ದರಿಂದ, ಅದು ಬಲಕ್ಕೆ ಸರಿದು ನಿಂತಿತು. ಒತ್ತು, ಗುಣಿತ ಎಲ್ಲ ಸೇರಿ ನೂರಾರು ಮನೆಗಳ ಕೇಸಿನ (ಮೊಳೆಗಳನ್ನು ವಿಂಗಡಿಸಿಡುವ ತಟ್ಟೆಯ) ಮುಂದೆ ನಿಂತು, ನೋಡದೆಯೇ ಕೈ ಹಾಕಿ ಮೊಳೆ ತೆಗೆಯುವುದು ದೊಡ್ಡ ವಿದ್ಯೆಯಾಗಿತ್ತು; ಆ ಕೇಸಿನ ಚಿತ್ರವನ್ನಾದರೂ ಮಕ್ಕಳು ನೋಡಬೇಕೆಂಬುದು ನನ್ನ ಆಸೆ.

ಬೆಟಗೇರಿಯ ಓದುಗ:
ಎಲ್ಲರಿಗೂ ಧನ್ಯವಾದಗಳು. ಮೊದಲ ಫಲಕದ ಶೀರ್ಷಿಕೆಯನ್ನು ‘ಗರಿ, ಕಲ್ಲು, ಮೊಳೆ’ ಎಂದು ಬದಲಿಸುತ್ತೇನೆ. ಮಾಸ್ತರರೇ, ಶಾಸನದ ಚಿತ್ರದ ಕೆಳಗೆ ಅದರ ಪಾಠವನ್ನು ಕಂಪ್ಯೂಟರಿನ ಫಾಂಟಿನಲ್ಲಿ ಕೊಡುವಾಗ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಹಾನಗಲ್ಲ ಮಾಸ್ತರ:
ಇದೆ. ಹಳೆಯ ಶಾಸನಗಳಲ್ಲಿ ಎ ಮತ್ತು ಏ, ಒ ಮತ್ತು ಓ ಇವುಗಳಿಗೆ ಬರಹದಲ್ಲಿ ಭೇದವಿಲ್ಲ. ಸಂಪಾದಕರು ಓದುವ ಅನುಕೂಲಕ್ಕಾಗಿ ದೀರ್ಘವನ್ನು ಸೇರಿಸಿರುತ್ತಾರೆ. ಆದ್ದರಿಂದ ಪಾಠದಲ್ಲಿ ಕಾಣುವ ದೀರ್ಘದ ಗುರುತನ್ನು ಮಕ್ಕಳು ಕಲ್ಲಿನಲ್ಲಿ ಹುಡುಕದಂತೆ ಒಂದು ಸಾಲಿನ ಸೂಚನೆ ಹಾಕಿರಿ. ಱ ಮತ್ತು ೞ ಎಂಬ ಹಳೆಯ ಅಕ್ಷರಗಳು ಯೂನಿಕೋಡಿನಲ್ಲಿ ಇವೆ, ಆದರೆ ಎಲ್ಲ ಫಾಂಟುಗಳಲ್ಲಿ ಇರುವುದಿಲ್ಲ. ಫಲಕ ಮುದ್ರಣಕ್ಕೆ ಕಳುಹಿಸುವ ಮುನ್ನ ಅವು ಖಾಲಿ ಚೌಕಗಳಾಗಿಲ್ಲವೆಂಬುದನ್ನು ನೋಡಿಕೊಳ್ಳಿರಿ.