ಬೋಲೋ ಟೈ: ಕಟ್ಟುವುದೋ, ಹಾಕುವುದೋ?

ಗೆಳೆಯರೇ,

ನನ್ನ ತಮ್ಮ ಅಮೆರಿಕದ ಫೀನಿಕ್ಸ್‌ನಿಂದ ಬರುವಾಗ ಒಂದು ಬೋಲೋ ಟೈ ತಂದುಕೊಟ್ಟ. ಹೆಣೆದ ಕರಿ ತೊಗಲಿನ ಹುರಿ. ನಡುವೆ ಬೆಳ್ಳಿಯಲ್ಲಿ ಕೂರಿಸಿದ ನೀಲಿ-ಹಸಿರು ಕಲ್ಲಿನ ಬಿಲ್ಲೆ. ಬಿಲ್ಲೆಯ ಹಿಂದಿನ ಕೊಕ್ಕೆಯಲ್ಲಿ ಹುರಿಯ ಎರಡೂ ಎಳೆ ಹಾದುಹೋಗುತ್ತವೆ. ಬಿಲ್ಲೆಯನ್ನು ಮೇಲಕ್ಕೆ ಜಾರಿಸಿದರೆ ಕಾಲರಿಗೆ ಬಂದು ಕೂರುತ್ತದೆ. ಇದರ ಬಗ್ಗೆ ಒಂದು ಪುಟ ಬರೆಯೋಣ ಎಂದು ಕೂತವನು ಎರಡನೇ ಸಾಲಿಗೇ ಸಿಕ್ಕಿಕೊಂಡೆ.

‘ಬೋಲೋ ಟೈ ಕಟ್ಟಿದ್ದ’ ಎನ್ನಬಹುದೇ? ಇದರಲ್ಲಿ ಗಂಟೇ ಇಲ್ಲ, ಕಟ್ಟುವುದೇನು? ಆದರೆ ನಮ್ಮ ಶಾಲೆ ಮಕ್ಕಳ ಎಲಾಸ್ಟಿಕ್ ಟೈಗೂ ಗಂಟು ಹಾಕುವ ಕೆಲಸವಿಲ್ಲ. ಅದಕ್ಕೆ ಮನೆಯಲ್ಲಿ ‘ಟೈ ಹಾಕ್ಕೋ’ ಅನ್ನುತ್ತೇವೆ, ‘ಕಟ್ಕೋ’ ಅನ್ನುವುದಿಲ್ಲ, ಅಲ್ವಾ? ಹಾಗಾಗಿ ನನ್ನ ಓಟು ‘ಹಾಕು’ವಿಗೆ.

ಹೆಸರು ಹಿಂದಿಯ ‘ಬೋಲೋ’ ಅಲ್ಲ (ಆ ಜೋಕು ಮನೆಯಲ್ಲಿ ಆಗಲೇ ಹಳತಾಗಿದೆ). ಅರ್ಜೆಂಟೀನಾದ ದನಗಾಹಿಗಳು ಓಡುವ ದನದ ಕಾಲಿಗೆ ಸುತ್ತಿಕೊಳ್ಳುವಂತೆ ಎಸೆಯುತ್ತಿದ್ದ, ತುದಿಯಲ್ಲಿ ಗುಂಡು ಕಟ್ಟಿದ ಹಗ್ಗ ಬೊಲೆಯಾಡೋರಾ. ಸ್ಪ್ಯಾನಿಷ್‌ನಲ್ಲಿ ಬೋಲಾ ಎಂದರೆ ಗುಂಡು. ಟೈಗೆ ಹೆಸರು ಬಂದದ್ದು ಅದರಿಂದ. ಅರಿಜೋನಾದ ವಿಕನ್‌ಬರ್ಗ್‌ನ ಬೆಳ್ಳಿ ಕೆಲಸಗಾರ ವಿಕ್ಟರ್ ಸೀಡರ್‌ಸ್ಟಾಫ್ ಈ ಟೈಯನ್ನು 1940ರ ದಶಕದ ಕೊನೆಗೆ ತಾನೇ ಕಂಡುಹಿಡಿದೆ ಎನ್ನುತ್ತಿದ್ದ. 1959ರಲ್ಲಿ ಪೇಟೆಂಟೂ ಪಡೆದ. ಟೋಪಿ ಹಾರಿಬಿತ್ತಂತೆ, ಬೆಳ್ಳಿ ಬಕಲ್ ಕಳೆದೀತೆಂದು ಟೋಪಿಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡನಂತೆ. ಗಮನಿಸಿ, ಅವನೂ ಕಟ್ಟಲಿಲ್ಲ! ಬ್ರಿಟನ್ನಿನಲ್ಲಿ ಇಂಥದ್ದಕ್ಕೆ ಬೂಟ್‌ಲೇಸ್ ಟೈ, ಜಪಾನಿನಲ್ಲಿ ಲೂಪ್ ಟೈ ಎನ್ನುತ್ತಾರೆ. ನನ್ನ ಹೆಂಡತಿ ‘ಲಾಡಿ ಟೈ’ ಎಂದಳು. ಸುಮ್ನೆ ನಕ್ಕೆ, ಆದರೆ ಬೂಟ್‌ಲೇಸಿಗಿಂತ ಅದೇನೂ ಕಡಿಮೆಯಲ್ಲ.

ಇದು ಉಡುಪೋ ಒಡವೆಯೋ ಎಂಬುದೂ ತೊಡಕೇ. ಅರಿಜೋನಾ 1971ರಲ್ಲೇ ಇದನ್ನು ರಾಜ್ಯದ ಅಧಿಕೃತ ಕೊರಳುಡುಗೆ ಮಾಡಿಕೊಂಡಿತು. ಅಲ್ಲಿ ಸೂಟಿನ ಮೇಲೂ ನಡೆಯುತ್ತದೆ. ಬೇರೆ ಕಡೆ ಹುಡುಗರು, ಹುಡುಗಿಯರು ಮೇಲಿನ ಗುಂಡಿ ಬಿಚ್ಚಿ, ಬಿಲ್ಲೆಯನ್ನು ಎದೆಯವರೆಗೆ ಇಳಿಸಿ ಹಾಕುತ್ತಾರೆ. ಆಗ ಅದು ಸರವೇ. ಅಮೆರಿಕದ ಮೂಲನಿವಾಸಿಗಳಾದ ಜೂನಿ, ನವಾಹೋ, ಹೋಪಿ ಕುಶಲಕರ್ಮಿಗಳು ಕೈಯಲ್ಲೇ ಮಾಡಿದವನ್ನು ನೋಡಿದರೆ ಒಡವೆ ಎನ್ನದೆ ವಿಧಿಯಿಲ್ಲ. ಜೂನಿಯವರು ಬಣ್ಣಬಣ್ಣದ ಕಲ್ಲಿನ ಚೂರುಗಳನ್ನು ಸಂದು ಕಾಣದಂತೆ ಕೂರಿಸಿ ಹಕ್ಕಿ, ಸೂರ್ಯರನ್ನು ಮಾಡುತ್ತಾರೆ. ನಮ್ಮಲ್ಲಿ ಜಡೆಬಿಲ್ಲೆ ಇದೆಯಲ್ಲ, ಹಾಗೆಯೇ ‘ಕೊರಳಬಿಲ್ಲೆ’ ಎಂದರೆ ಹೇಗೆ? ಹುರಿ ಬಿಟ್ಟುಹೋಗುತ್ತದೆ ಎಂಬುದೊಂದೇ ಕೊರತೆ.

ಇನ್ನು ಆ ಕಲ್ಲು, ಟರ್ಕಾಯಿಸ್. ಮೊದಲ ಕರಡಿನಲ್ಲಿ ‘ವೈಡೂರ್ಯ’ ಎಂದು ಬರೆದುಬಿಟ್ಟಿದ್ದೆ. ತಪ್ಪು. ನವರತ್ನದ ವೈಡೂರ್ಯ ಬೆಕ್ಕಿನ ಕಣ್ಣಿನಂಥ ಹರಳು. ಈಗ ‘ಫಿರೋಜಾ’ ಎಂದು ತಿದ್ದಿದ್ದೇನೆ. ಅದು ಪಾರಸಿಯಿಂದ ಬಂದದ್ದು, ಇರಲಿ. ಟರ್ಕಾಯಿಸ್ ಎಂದರೂ ‘ಟರ್ಕಿಯದು’ ಎಂದಷ್ಟೇ ಅರ್ಥ.

ಕೊನೆಯದು ಹುರಿಯ ಎರಡು ತುದಿಗೆ ತೊಡಿಸಿದ ಬೆಳ್ಳಿ ಮೂತಿ. ಒನಕೆಯ ತುದಿಯ ಕಬ್ಬಿಣಕ್ಕೆ ಅಣಸು ಎನ್ನುತ್ತೇವಲ್ಲ, ಅದನ್ನೇ ಇಲ್ಲಿಗೂ ಎಳೆಯಬಹುದೇ? ನಿಮ್ಮ ಕಡೆ ಶೂ ಲೇಸಿನ ತುದಿಯ ಪ್ಲಾಸ್ಟಿಕ್‌ಗೆ ಏನನ್ನುತ್ತೀರಿ?