ಪದಚರ್ಚೆ: ಬೀದಿ ಬೆಕ್ಕು ಹಿಡಿಯುವ 'ಹ್ಯೂಮೇನ್ ಟ್ರ್ಯಾಪ್'ಗೆ ಕನ್ನಡದಲ್ಲಿ ಏನು?

ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಪದ ತುರ್ತಾಗಿ ಬೇಕಿತ್ತು. ನಮ್ಮ ಬಡಾವಣೆಯಲ್ಲಿ ಬೀದಿ ಬೆಕ್ಕುಗಳನ್ನು ಹಿಡಿದು, ಸಂತಾನಹರಣ ಆಪರೇಷನ್ ಮಾಡಿಸಿ, ಹಿಡಿದ ಜಾಗದಲ್ಲೇ ಬಿಡುವ ಕೆಲಸ ಶುರುವಾಗಿದೆ. ಯಾವ ಥರದ ಟ್ರ್ಯಾಪ್ ಕೊಳ್ಳಬೇಕು ಅಂತ ಒಂದು ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಕೊಡಬೇಕು. ಟ್ರ್ಯಾಪ್ ಮೇಲೆ ಅಂಟಿಸುವ ಚೀಟಿಯೂ ಬೇಕು. ಬೆಕ್ಕನ್ನು ಕೊಲ್ಲೋಕೆ ಇಟ್ಟಿದ್ದಾರೆ ಅಂದುಕೊಂಡು ದಾರಿಹೋಕರು ಬಾಗಿಲು ತೆಗೆದುಬಿಡುತ್ತಾರೆ.

ಹ್ಯೂಮೇನ್ ಟ್ರ್ಯಾಪ್ ಅಂದರೆ ಪ್ರಾಣಿಗೆ ನೋವಾಗದ ಹಾಗೆ ಹಿಡಿಯುವ ಸಾಧನ. 'ಮಾನವೀಯ ಬಲೆ' ಕಿವಿಗೆ ಹಿತವಾಗಿಲ್ಲ. 'ಫೆರಲ್', ಅಂದರೆ ಮನುಷ್ಯರಿಗೆ ಒಗ್ಗದ ಬೆಕ್ಕು, ಅನ್ನೋದಕ್ಕೆ 'ಕಾಡುಬೆಕ್ಕು' ನಡೆಯುತ್ತದಾ? ಬೆಕ್ಕು ಕಾಲಿಟ್ಟ ಕೂಡಲೇ ಬಾಗಿಲು ಬೀಳಿಸುವ ತಗಡಿಗೆ ಏನನ್ನಬೇಕು?

ಧಾರವಾಡದಿಂದ

ಬಲೆ ನೂಲಿನದು. ಅದಕ್ಕೆ ಮೀನು ಬೀಳುತ್ತದೆ, ಹಕ್ಕಿ ಬೀಳುತ್ತದೆ. ನಿಮಗೆ ಬೇಕಾದ್ದು ಬೋನು. ಇಲಿಗೂ ಬೋನು ಇಡುತ್ತೇವೆ, ಚಿರತೆಗೂ ಬೋನು ಇಡುತ್ತೇವೆ. ಬೆಕ್ಕಿಗೆ ಮಾತ್ರ ಹೊಸ ಪದ ಯಾಕೆ?

'ಕಾಡುಬೆಕ್ಕು' ಬೇಡವೇ ಬೇಡ. ಅದು ಬೇರೆಯೇ ಪ್ರಾಣಿ. ಕಬ್ಬಿನ ಗದ್ದೆ, ಕೆರೆ ಅಂಚಿನ ಜೊಂಡಿನಲ್ಲಿ ಓಡಾಡುವಂಥದ್ದು. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ. ಅದನ್ನು ಹಿಡಿಯುತ್ತೇವೆ ಅಂತ ಚೀಟಿ ಅಂಟಿಸಿದರೆ ಅರಣ್ಯ ಇಲಾಖೆಯವರು ಬಂದು ಕೇಳುವುದು ನ್ಯಾಯವೇ. ಬೀದಿ ಬೆಕ್ಕು ಅನ್ನಿ.

ಶಿವಮೊಗ್ಗದಿಂದ

ಬೋನು ತೆಲುಗಿನಿಂದ ಬಂದದ್ದು ಅಂತ ನನ್ನ ಅನಿಸಿಕೆ. ಅಲ್ಲಿ ಕೋರ್ಟಿನ ಕಟಕಟೆಗೂ ಬೋನು ಅನ್ನುತ್ತಾರೆ. ನಮ್ಮಲ್ಲಿ ಆ ಅರ್ಥ ಇಲ್ಲ. ಪದದ ಬೇರು ಎಲ್ಲಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಅಚ್ಚಗನ್ನಡದ 'ಸೆರೆ' ಇರುವಾಗ ಸಾಲ ಯಾಕೆ? 'ನೋಯಿಸದ ಸೆರೆಗೂಡು' ಅನ್ನಿ. ಆ ತಗಡಿಗೆ 'ತುಳಿಹಲಗೆ'.

ಮಂಗಳೂರಿನಿಂದ

ಈ ತರ್ಕ ಒಪ್ಪಲಾರೆ. ಒಂದು ನುಡಿಯಲ್ಲಿ ಒಂದು ಅರ್ಥ ಜಾಸ್ತಿ ಇದ್ದ ಮಾತ್ರಕ್ಕೆ ಪದ ಅಲ್ಲೇ ಹುಟ್ಟಿತು ಅನ್ನೋದು ಹೇಗೆ? ನನಗೆ ಬೋನು ಅಂದರೆ 'ಬೋನ'ದ ನಂಟು ಕಾಣುತ್ತದೆ. ಬೋನ ಅಂದರೆ ಅನ್ನ. ಒಳಗೆ ತಿನ್ನೋದಕ್ಕೆ ಇಟ್ಟು ಹಿಡಿಯುವುದರಿಂದ ಬೋನು. ಇನ್ನು ಫೆರಲ್‌ಗೆ ನಮ್ಮ ಕಡೆ 'ಕಾಟು' ಇದೆ. ಕಾಟು ಮಾವು ಅನ್ನುವ ಹಾಗೆ ಕಾಟು ಬೆಕ್ಕು. ಸಾಕಿದ್ದಲ್ಲ, ಕೈಗೆ ಸಿಗುವುದಿಲ್ಲ ಅನ್ನೋದು ಒಂದೇ ಮಾತಿನಲ್ಲಿ ಬರುತ್ತದೆ.

ಶಿವಮೊಗ್ಗದಿಂದ

'ಬೋನ' ಸಂಸ್ಕೃತದ ಭೋಜನದಿಂದ ಬಂದದ್ದು. ಸದ್ದು ಒಂದೇ ಇದ್ದರೆ ಪದಗಳು ನೆಂಟರಾಗುವುದಿಲ್ಲ. 'ಕಾಟು' ಘಟ್ಟದ ಮೇಲೆ ಯಾರಿಗೆ ಅರ್ಥವಾಗುತ್ತದೆ?

ಧಾರವಾಡದಿಂದ

ಸೆರೆಗೂಡು ಯಾರಿಗೆ ಅರ್ಥವಾಗುತ್ತದೆ? ಚೀಟಿ ಓದುವವರು ರಾತ್ರಿ ಪಾಳಿಯ ವಾಚ್‌ಮನ್, ಬೆಳಗ್ಗೆ ಹಾಲು ಹಾಕುವವರು. ಸಾಲದ ಮಾತಿಗೆ ಬಂದರೆ, ಬೀಗದ ಚಾವಿ ಪೋರ್ಚುಗೀಸರದು, ಪಂಜರ ಸಂಸ್ಕೃತದ್ದು. ಆನೆ ಹಿಂಡನ್ನು ಅಟ್ಟಿ ಹಿಡಿಯುವ ಖೆಡ್ಡಾ ಉತ್ತರದಿಂದ ಬಂದ ಮಾತು. ಕಾಕನಕೋಟೆಯಲ್ಲಿ 1971ರ ವರೆಗೂ ಆನೆ ಹಿಡಿದದ್ದು ಅದೇ ಹೆಸರಿನಲ್ಲಿ. ಆ ಸುತ್ತಿನ ಹಳ್ಳಿಯವರು ಖೆಡ್ಡಾ ಅಂದಿದ್ದಕ್ಕೆ ಕನ್ನಡ ಬಡವಾಯಿತಾ? ಇದು ಇಲ್ಲಿಗೆ ಸಾಕು.

ಬೆಂಗಳೂರಿನಿಂದ

ಬೆಕ್ಕು ಹಿಡಿಯುವ ಕೆಲಸ ಮಾಡುವವಳು ನಾನು. ನಾವು ಬೋನು ಅಂತಲೂ ಅನ್ನುತ್ತೇವೆ, ಕೇಜು ಅಂತಲೂ ಅನ್ನುತ್ತೇವೆ. ಚೀಟಿಗೆ ಬೋನು ಸಾಕು. ಆದರೆ 'ನೋಯಿಸದ' ಅನ್ನೋದನ್ನು ಸುಮ್ನೆ ಹೆಸರಿಗೆ ಅಂಟಿಸಬೇಡಿ. ಅದು ಯಾವುದರಿಂದ ಬರುತ್ತದೆ ಅಂತ ಕರಪತ್ರದಲ್ಲಿ ಬರೆಯಿರಿ.

ಜಾಲರಿಯ ಕಣ್ಣು ಸಣ್ಣದಿರಬೇಕು. ದೊಡ್ಡದಿದ್ದರೆ ಪಂಜ ಹೊರಗೆ ತೂರಿಸಿ ಉಗುರು ಕಿತ್ತುಕೊಳ್ಳುತ್ತದೆ. ಉದ್ದ ಸಾಲದಿದ್ದರೆ ಬಾಗಿಲು ಬಾಲದ ಮೇಲೆ ಬೀಳುತ್ತದೆ. ಬಿದ್ದ ಬಾಗಿಲು ತಾನೇ ಚಿಲಕ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಬೆಕ್ಕು ಮೂತಿಯಿಂದ ಎತ್ತಿ ಹೊರಬರುತ್ತದೆ, ಆಮೇಲೆ ಆ ಬೆಕ್ಕು ಬೋನಿನ ಹತ್ತಿರ ಸುಳಿಯುವುದೂ ಕಷ್ಟ. ಹಿಂದೆ ಮೇಲಕ್ಕೆ ಎತ್ತುವ ಎರಡನೇ ಬಾಗಿಲು ಇರುವುದನ್ನೇ ಕೊಳ್ಳಿ. ಅಲ್ಲಿಂದ ಇನ್ನೊಂದು ಗೂಡಿಗೆ ದಾಟಿಸಬಹುದು, ಕೈ ಹಾಕುವ ಗೋಜಿಲ್ಲ.

ತಳದ ತಂತಿಯ ಮೇಲೆ ನ್ಯೂಸ್‌ಪೇಪರ್ ಹಾಸಿ. ಬಂಗುಡೆ ಮೀನಿನ ತುಂಡನ್ನು ತಗಡಿನ ಆಚೆ, ಕೊನೆಯ ಮೂಲೆಯಲ್ಲಿ ಇಡಿ. ಈಚೆ ಇಟ್ಟರೆ ಬೆಕ್ಕು ಅರ್ಧ ಮೈ ಹೊರಗಿಟ್ಟುಕೊಂಡೇ ತಿಂದು ಹೋಗುತ್ತದೆ. ಬಾಗಿಲು ಬಿದ್ದ ಗಳಿಗೆಯಲ್ಲಿ ಅದು ಜಾಲರಿಗೆ ಎಗರಿ ಎಗರಿ ಮೂಗು ತರಚಿಕೊಳ್ಳುತ್ತದೆ. ತಕ್ಷಣ ಇಡೀ ಬೋನಿನ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸಿ. ಕತ್ತಲಾದರೆ ತಣ್ಣಗಾಗುತ್ತದೆ. ಬೋನು ಇಟ್ಟು ಮನೆಗೆ ಹೋಗಿ ಮಲಗುವವರ ಕೈಯಲ್ಲಿ ಯಾವ ಬೋನೂ ನೋಯಿಸದ ಬೋನಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಕಿವಿ ತುದಿ ಕತ್ತರಿಸಿದ ಬೆಕ್ಕು ಬಿದ್ದರೆ ಬಿಟ್ಟುಬಿಡಿ, ಅದಕ್ಕೆ ಆಪರೇಷನ್ ಆಗಿದೆ ಅನ್ನೋದರ ಗುರುತು ಅದು. ಮೊಲೆ ಇಳಿಬಿದ್ದ ತಾಯಿ ಬೆಕ್ಕಾದರೆ ಮರಿಗಳು ಎಲ್ಲೋ ಕಾಯುತ್ತಿರುತ್ತವೆ, ಅದನ್ನೂ ಬಿಡಿ.

ತಗಡಿಗೆ 'ತುಳಿಹಲಗೆ' ಚೆನ್ನಾಗಿದೆ. ಶಿವಮೊಗ್ಗದವರ ಈ ಪದ ನಾವೂ ಬಳಸುತ್ತೇವೆ.

ಮೈಸೂರಿನಿಂದ

ತುಂಬ ಉಪಕಾರವಾಯಿತು ಮೇಡಂ. ಚೀಟಿ ಹೀಗೆ ಬರೆದಿದ್ದೇನೆ: "ಬೀದಿ ಬೆಕ್ಕು ಹಿಡಿಯುವ ಬೋನು. ಬೆಕ್ಕಿಗೆ ಗಾಯ ಆಗುವುದಿಲ್ಲ. ಆಪರೇಷನ್ ಮಾಡಿಸಿ ಇಲ್ಲೇ ಬಿಡುತ್ತೇವೆ. ದಯವಿಟ್ಟು ಬಾಗಿಲು ತೆಗೆಯಬೇಡಿ."

ಕೊನೆಯದೊಂದು. 'ಡ್ರಾಪ್ ಟ್ರ್ಯಾಪ್' ಅಂತಲೂ ಇದೆ. ಒಂದು ಬದಿ ಕೋಲು ಕೊಟ್ಟು ಎತ್ತಿ ನಿಲ್ಲಿಸಿ, ಬೆಕ್ಕು ಕೆಳಗೆ ಬಂದಾಗ ದೂರದಿಂದ ದಾರ ಎಳೆದು ಬೀಳಿಸುವಂಥದ್ದು. ಮಾಮೂಲಿ ಬೋನಿಗೆ ಹೆದರಿದ ಬೆಕ್ಕಿಗೆ ಇದೇ ಬೇಕಂತೆ. ಇದಕ್ಕೆ ಏನನ್ನಲಿ?

ಮಂಗಳೂರಿನಿಂದ

ಕೋಳಿಯ ಮೇಲೆ ಬುಟ್ಟಿ ಕವುಚಿದ ಹಾಗೆ ಅಲ್ವಾ? 'ಕವುಚು ಬೋನು' ಅನ್ನಿ.

ಶಿವಮೊಗ್ಗದಿಂದ

'ಕವುಚುಗೂಡು'.

ಬೆಂಗಳೂರಿನಿಂದ

ಎರಡರಲ್ಲಿ ಯಾವುದಾದರೂ ಸರಿ. ಜೊತೆಗೆ ಚಿತ್ರ ಹಾಕಿ. ಅಂಚು ನೆಲಕ್ಕೆ ಪೂರ್ತಿ ಕೂರುವಂಥ ಸಮತಟ್ಟು ಜಾಗದಲ್ಲೇ ಇಡಬೇಕು, ಬೀಳಿಸಿದ ಕೂಡಲೇ ಒಬ್ಬರು ಓಡಿ ಮೇಲೆ ಒತ್ತಿ ಹಿಡಿಯಬೇಕು ಅಂತ ಬರೆಯೋದು ಮರೆಯಬೇಡಿ.