ಸಹಾಯ ಬೇಕು: ಬಿಳಿ ರಂಜಕ (ಫಾಸ್ಫರಸ್), ಕೆಂಪು ರಂಜಕದ ವ್ಯತ್ಯಾಸ ಕನ್ನಡದಲ್ಲಿ ಹೇಗೆ ವಿವರಿಸಲಿ?

ನಮಸ್ಕಾರ. ಬದಿಯಡ್ಕದ ಹತ್ತಿರ ನಮ್ಮ ಮನೆ ಚಾವಡಿಯಲ್ಲಿ ಸಂಜೆ ನಾಲ್ಕೈದು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡ್ತೇನೆ. ಹತ್ತರವರೆಗೆ ಕನ್ನಡ ಮಾಧ್ಯಮ, ಪ್ಲಸ್ ಟುವಿನಲ್ಲಿ ಎಲ್ಲವೂ ಇಂಗ್ಲಿಷ್. ಮಕ್ಕಳು ಚುರುಕು, ಶಬ್ದವೇ ಅಡ್ಡ ಬರ್ತದೆ.

ನಿನ್ನೆ ಬೆಂಕಿಪೆಟ್ಟಿಗೆಯ ಬದಿ ಕೆರೆದು, ಉಗುರಿಗಂಟಿದ ಕಂದು ಪುಡಿ ತೋರಿಸಿ, ಕೆಂಪು ರಂಜಕ ಇರುವುದು ಇಲ್ಲಿ, ಕಡ್ಡಿಯ ತಲೆಯಲ್ಲಿರುವುದು ಪೊಟ್ಯಾಸಿಯಂ ಕ್ಲೋರೇಟ್ ಅಂದೆ. ಒಬ್ಬಳು ಕೇಳಿದಳು: "ಟೀಚರ್, ಬಿಳಿ ರಂಜಕವನ್ನು ನೀರಲ್ಲಿ ಮುಳುಗಿಸಿಡಬೇಕು. ಇದು ಮಾತ್ರ ಗಾಳಿಯಲ್ಲಿ ಸುಮ್ಮನಿರ್ತದೆ. ಎರಡೂ ಒಂದೇ ಧಾತು ಅಲ್ವಾ?"

ಎಷ್ಟು ಒಳ್ಳೆ ಪ್ರಶ್ನೆ! ಬಿಳಿಯದರಲ್ಲಿ ನಾಲ್ಕು ಪರಮಾಣುಗಳ ಚತುರ್ಮುಖಿ, ಅಂದರೆ ನಾಲ್ಕು ತ್ರಿಕೋನ ಮುಖಗಳ ಆಕೃತಿ. ಬಂಧಕೋನ ಬರೀ 60 ಡಿಗ್ರಿ, ಹಾಗಾಗಿ ಬಂಧದಲ್ಲಿ ಒತ್ತಡ ಹೆಚ್ಚು. 44 ಡಿಗ್ರಿಗೇ ಕರಗ್ತದೆ, ನಮ್ಮ ಏಪ್ರಿಲ್ ಸೆಕೆಗೇ ಹೊತ್ತಿಕೊಳ್ಳಬಹುದು. ಕೆಂಪಿನಲ್ಲಿ ಅವೇ ಪರಮಾಣುಗಳು ಸರಪಳಿಯಾಗಿ ಹೆಣೆದುಕೊಂಡಿವೆ. ಹೊತ್ತಲು 240 ಡಿಗ್ರಿಯಾದರೂ ಬೇಕು. ಬಿಳಿಯದು ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದಲ್ಲಿ ಕರಗ್ತದೆ, ಕೆಂಪು ಕರಗುವುದಿಲ್ಲ. ಆದರೆ ಧಾರಾಳ ಗಾಳಿಯಲ್ಲಿ ಸುಟ್ಟರೆ ಎರಡರಿಂದಲೂ ಸಿಗುವುದು ಅದೇ ಪೆಂಟಾಕ್ಸೈಡ್. ಇದನ್ನು ಕೇಳಿದ ಮೇಲೆ ಅವಳ ಮುಖ ಅರಳಿತು, ಉಳಿದವರದ್ದು ಇಲ್ಲ.

ಹಿಡಿಸೂಡಿ ಕಡ್ಡಿ, ಮಣ್ಣಿನ ಉಂಡೆಯಲ್ಲಿ ಚತುರ್ಮುಖಿ ಮಾಡಿದೆವು. ಸರಪಳಿ ಮಾಡಹೊರಟರೆ ಕುಸಿದು ಬೀಳ್ತದೆ. ಯಾರಾದರೂ ಮಾಡಿದ್ದರೆ ಫೋಟೋ ಹಾಕಿ. ಈ ಪಾಠದ ಕನ್ನಡ ನೋಟ್ಸ್ ಕೈಬರಹದಲ್ಲಿದ್ದರೂ ಸಾಕು. ಒಂದೇ ಧಾತು ಹೀಗೆ ಬೇರೆ ಬೇರೆ ರೂಪದಲ್ಲಿರುವುದಕ್ಕೆ ಪಾಠದಲ್ಲಿ "ಬಹುರೂಪತೆ" ಅನ್ನುವುದೋ "ಭಿನ್ನರೂಪತೆ" ಅನ್ನುವುದೋ, ನಿಮ್ಮಲ್ಲಿ ಯಾವುದು ರೂಢಿ? ಬುಧವಾರ ಅವರಿಗೆ ಪರೀಕ್ಷೆ. ಅದಕ್ಕಿಂತ ಮೊದಲು ಸಿಕ್ಕಿದರೆ ದೊಡ್ಡ ಉಪಕಾರ.